ಸಾಲದ ಆ್ಯಪ್: ಅದನ್ನೇ ಕೇಳಬೇಡಿ, ಆಚೆಯಿಂದ ವಿಚಾರಿಸಿ

ಸಾಲದ ಆ್ಯಪ್‌ಗಳಿಂದ ಮೋಸ ಹೋದವರೆಲ್ಲ ಹಿಂದೆಮುಂದೆ ನೋಡದೆ ಬಟನ್ ಒತ್ತಿದವರು ಎಂಬ ಭಾವನೆ ಹಲವರಲ್ಲಿದೆ. ಅದು ನಿಜವಲ್ಲ. ನನ್ನ ಬಳಿ ಹೇಳಿಕೊಂಡವರಲ್ಲಿ ಹೆಚ್ಚಿನವರು ವಿಚಾರಿಸಿಯೇ ಮುಂದುವರಿದವರು. ‘ಆರ್‌ಬಿಐ ನೋಂದಾಯಿತ ಅಂತ ಅದರಲ್ಲೇ ಬರೆದಿತ್ತಲ್ಲ ಸರ್, ಸರ್ಟಿಫಿಕೇಟೂ ತೋರಿಸಿದ್ರು’ ಎನ್ನುತ್ತಾರೆ. ಎಡವಟ್ಟಾಗುವುದು ಅಲ್ಲೇ. ಆ್ಯಪ್ ಸಾಚಾ ಹೌದೋ ಅಲ್ಲವೋ ಎಂಬುದನ್ನು ಅವರು ಆ ಆ್ಯಪ್‌ನಿಂದಲೇ ಕೇಳಿ ತಿಳಿದುಕೊಂಡಿರುತ್ತಾರೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಆರ್‌ಬಿಐ ನೇಮಿಸಿದ್ದ ಕಾರ್ಯತಂಡ 2021ರ ಜನವರಿ, ಫೆಬ್ರುವರಿಯಲ್ಲಿ 81 ಆ್ಯಪ್ ಸ್ಟೋರ್‌ಗಳನ್ನು ಜಾಲಾಡಿದಾಗ ಸಿಕ್ಕ ಸಾಲದ ಆ್ಯಪ್‌ಗಳು ಸುಮಾರು 1,100. ಅವುಗಳಲ್ಲಿ 600ರಷ್ಟು ಅಕ್ರಮ. 2022ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ಮಾರ್ಗಸೂಚಿ ಬಂತು, 2025ರ ಮೇ ತಿಂಗಳಲ್ಲಿ ಹಿಂದಿನ ನಿಯಮಗಳನ್ನೆಲ್ಲ ಒಟ್ಟುಗೂಡಿಸಿದ ನಿರ್ದೇಶನಗಳು ಬಂದವು. ನಿಯಮ ಈಗ ಗಟ್ಟಿಯಾಗಿಯೇ ಇದೆ. ಅದನ್ನು ಬಳಸಿಕೊಳ್ಳುವುದು ಹೇಗೆ ಎನ್ನುವುದಷ್ಟೇ ಜನರಿಗೆ ತಲುಪಿಲ್ಲ.

ಸಾಲ ಕೊಡುವವರು ಯಾರು?

ಆರ್‌ಬಿಐ ಯಾವ ಆ್ಯಪ್‌ಗೂ ಪರವಾನಗಿ ಕೊಡುವುದಿಲ್ಲ. ಅದು ಪರವಾನಗಿ ಕೊಡುವುದು ಬ್ಯಾಂಕ್‌ಗಳಿಗೆ, ನೋಂದಣಿ ಕೊಡುವುದು ಎನ್‌ಬಿಎಫ್‌ಸಿಗಳಿಗೆ, ಅಂದರೆ ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ. ಆದ್ದರಿಂದ ‘ಆರ್‌ಬಿಐ ಅನುಮೋದಿತ ಆ್ಯಪ್’ ಎಂದು ದೊಡ್ಡದಾಗಿ ಬರೆದುಕೊಂಡಿದ್ದರೆ ಅದೇ ಮೊದಲ ಅಪಶಕುನ. ಆ್ಯಪ್ ಎನ್ನುವುದು ಅಂಗಡಿಯ ಬೋರ್ಡು ಮಾತ್ರ, ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಬೇರೆ. ಆ ಗಲ್ಲಾದವರ ಪೂರ್ತಿ ಹೆಸರು ನಿಮಗೆ ಮೊದಲು ಬೇಕು.

ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ವಿವರಣೆಯನ್ನು ಕೊನೆಯವರೆಗೂ ಓದಿ. ಸ್ವತಃ ಸಾಲ ಕೊಡದೆ ಮಧ್ಯವರ್ತಿಯಾಗಿರುವ ಆ್ಯಪ್‌ಗಳು ತಮ್ಮ ಹಿಂದಿರುವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿಯ ಹೆಸರನ್ನು ಅಲ್ಲಿ ನಮೂದಿಸಬೇಕೆಂಬುದು ಗೂಗಲ್‌ನದೇ ನಿಯಮ. ‘ನಮ್ಮ ಪ್ರತಿಷ್ಠಿತ ಪಾಲುದಾರರು’ ಎಂದಷ್ಟೇ ಬರೆದು ಹೆಸರು ನುಂಗಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ. ಹೆಸರು ಸಿಕ್ಕರೆ ಪ್ರೈವೇಟ್ ಲಿಮಿಟೆಡ್, ಲಿಮಿಟೆಡ್ ಎಂಬುದೂ ಸೇರಿದಂತೆ ಅಕ್ಷರ ಬಿಡದೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒಂದಕ್ಷರ ಆಚೀಚೆ ಮಾಡಿ ಹೆಸರಾಂತ ಕಂಪನಿಯಂತೆ ಕಾಣಿಸಿಕೊಳ್ಳುವುದು ಈ ದಂಧೆಯ ಹಳೆಯ ಚಾಳಿ.

ಎಲ್ಲರೂ ಎಡವುವ ಜಾಗ

ಹೆಸರು ಸಿಕ್ಕಿತು, ಆರ್‌ಬಿಐ ಜಾಲತಾಣದಲ್ಲಿ ಎನ್‌ಬಿಎಫ್‌ಸಿಗಳ ಪಟ್ಟಿ ತೆರೆದಿರಿ, ಹೆಸರು ಅಲ್ಲೂ ಇದೆ. ಬಹುಪಾಲು ಜನ ಇಷ್ಟಕ್ಕೇ ಸಮಾಧಾನಪಟ್ಟು ಆಧಾರ್, ಪ್ಯಾನ್, ಸೆಲ್ಫಿ ಎಲ್ಲ ಕೊಟ್ಟುಬಿಡುತ್ತಾರೆ. ದಯವಿಟ್ಟು ಇಲ್ಲಿ ನಿಲ್ಲಬೇಡಿ. ಆ ಎನ್‌ಬಿಎಫ್‌ಸಿ ನಿಜವಾಗಿಯೂ ಇದೆ ಎಂಬುದಷ್ಟೇ ಈಗ ಗೊತ್ತಾಗಿದೆ. ಆ್ಯಪ್‌ಗೂ ಅದಕ್ಕೂ ಸಂಬಂಧ ಇದೆಯೇ ಎಂಬುದು ಇನ್ನೂ ಗೊತ್ತಾಗಿಲ್ಲ. ಯಾರದೋ ಕಂಪನಿಯ ಹೆಸರು, ಲೋಗೊ, ನೋಂದಣಿ ಪತ್ರದ ಫೋಟೊ ತಂದು ಆ್ಯಪ್‌ನಲ್ಲಿ ಅಂಟಿಸಲು ಐದು ನಿಮಿಷವೂ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಆರ್‌ಬಿಐ ಸರ್ಟಿಫಿಕೇಟಿಗೆ ನಾನು ಕಿಲುಬು ಕಾಸಿನ ಬೆಲೆಯನ್ನೂ ಕೊಡುವುದಿಲ್ಲ.

ಹಾಗಾಗಿ ದಾರಿಯನ್ನು ತಿರುಗಿಸಿ. ಆ್ಯಪ್‌ನಿಂದ ಎನ್‌ಬಿಎಫ್‌ಸಿಗೆ ಹೋಗುವ ಬದಲು ಎನ್‌ಬಿಎಫ್‌ಸಿಯಿಂದ ಆ್ಯಪ್‌ಗೆ ಬನ್ನಿ. ಆ್ಯಪ್‌ನಲ್ಲಿರುವ ಲಿಂಕ್ ಒತ್ತಬೇಡಿ, ಅದರಲ್ಲಿ ಕೊಟ್ಟಿರುವ ಕಸ್ಟಮರ್ ಕೇರ್ ನಂಬರಿಗೂ ಫೋನ್ ಮಾಡಬೇಡಿ. ಆರ್‌ಬಿಐ ಪಟ್ಟಿಯಲ್ಲಿರುವ ವಿಳಾಸ, ಇಮೇಲ್ ಹಿಡಿದು ಕಂಪನಿಯ ಸ್ವಂತ ಜಾಲತಾಣವನ್ನು ನೀವೇ ಹುಡುಕಿ. ತನ್ನ ಪರವಾಗಿ ಯಾವ ಆ್ಯಪ್‌ಗಳು ಕೆಲಸ ಮಾಡುತ್ತಿವೆ ಎಂಬ ಪಟ್ಟಿಯನ್ನು ಸಾಲ ಕೊಡುವ ಪ್ರತಿ ಸಂಸ್ಥೆಯೂ ಅಲ್ಲಿ ಪ್ರಕಟಿಸಲೇಬೇಕು. ಆ ಪಟ್ಟಿಯಲ್ಲಿ ನಿಮ್ಮ ಆ್ಯಪ್‌ನ ಹೆಸರಿರಬೇಕು. ಅನುಮಾನವಿದ್ದರೆ ಅಲ್ಲಿಯೇ ಕೊಟ್ಟಿರುವ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ, ‘ಈ ಹೆಸರಿನ ಆ್ಯಪ್ ನಿಮ್ಮದೇ?’ ಎಂದು ಒಂದೇ ಸಾಲು ಬರೆದು ಕೇಳಿ. ಉತ್ತರ ಬರುವವರೆಗೆ ತಡೆಯಿರಿ. ಎರಡು ದಿನ ತಡವಾದರೆ ಆಗುವ ನಷ್ಟಕ್ಕಿಂತ ಆತುರಪಟ್ಟರೆ ಆಗುವ ನಷ್ಟ ಬಹಳ ದೊಡ್ಡದು.

2025ರ ಜುಲೈನಿಂದ ಆರ್‌ಬಿಐ ತನ್ನ ಜಾಲತಾಣದ ಸಿಟಿಜನ್ಸ್ ಕಾರ್ನರ್‌ನಲ್ಲಿ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿಯನ್ನೂ ಇಟ್ಟಿದೆ. ಯಾವ ಆ್ಯಪ್ ಯಾವ ಸಂಸ್ಥೆಗೆ ಸೇರಿದ್ದು ಎಂಬುದು ಅದರಲ್ಲಿ ಸಿಗುತ್ತದೆ. ಹೊಸ ಆ್ಯಪ್ ನೋಡಿದೊಡನೆ ತೆರೆಯಬೇಕಾದದ್ದು ಇದೇ ಪುಟ. ಆದರೆ ಇಲ್ಲಿಯೂ ಒಂದು ಎಚ್ಚರ ಬೇಕು. ಈ ಪಟ್ಟಿಯ ವಿವರಗಳನ್ನು ಬ್ಯಾಂಕ್ ಮತ್ತು ಎನ್‌ಬಿಎಫ್‌ಸಿಗಳೇ ತುಂಬುತ್ತವೆ, ಆರ್‌ಬಿಐ ಒಂದೊಂದು ಆ್ಯಪ್ ಪರಿಶೀಲಿಸಿ ಮುದ್ರೆ ಒತ್ತಿದ್ದಲ್ಲ. ಪಟ್ಟಿಯಲ್ಲಿ ಇಲ್ಲದ ಆ್ಯಪ್ ಬೇಡವೇ ಬೇಡ. ಪಟ್ಟಿಯಲ್ಲಿ ಇದ್ದರೆ ಮುಂದಿನ ಪರೀಕ್ಷೆಗೆ ಅರ್ಹ, ಅಷ್ಟೆ. ನೋಂದಣಿ ರದ್ದಾದ ಎನ್‌ಬಿಎಫ್‌ಸಿಗಳ ಪಟ್ಟಿಯೂ ಅದೇ ಜಾಲತಾಣದಲ್ಲಿದೆ. ಡಿಜಿಟಲ್ ಸಾಲದಲ್ಲಿ ನಿಯಮ ಮುರಿದದ್ದಕ್ಕೆ 2022ರ ಮೇ ತಿಂಗಳಲ್ಲಿ ಒಂದೇ ಬಾರಿ ಐದು ಕಂಪನಿಗಳ ನೋಂದಣಿ ರದ್ದಾಗಿತ್ತು. ಆ ಪಟ್ಟಿಯನ್ನೂ ಒಮ್ಮೆ ನೋಡಿಬಿಡಿ.

ಕಂಪನಿಯ ಜಾತಕ

ಆ್ಯಪ್ ಮಾಡಿದ ಕಂಪನಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಣಿಯಾಗಿದ್ದರೆ ಅದಕ್ಕೆ 21 ಅಕ್ಷರ, ಅಂಕಿಗಳ ಸಿಐಎನ್ ಸಂಖ್ಯೆ ಇರುತ್ತದೆ. ಅದನ್ನು ಓದುವುದು ಸುಲಭ. ಮೊದಲ ಅಕ್ಷರ ‘ಎಲ್’ ಆಗಿದ್ದರೆ ಷೇರುಪೇಟೆಯಲ್ಲಿರುವ ಕಂಪನಿ, ‘ಯು’ ಆಗಿದ್ದರೆ ಅಲ್ಲ. ನಂತರದ ಐದು ಅಂಕಿ ಯಾವ ವ್ಯವಹಾರ ಎಂಬುದನ್ನು ಹೇಳುತ್ತವೆ. ಆಮೇಲಿನ ಎರಡು ಅಕ್ಷರ ರಾಜ್ಯದ್ದು, ಕರ್ನಾಟಕಕ್ಕೆ ‘ಕೆಎ’. ಅದಾದ ಮೇಲಿನ ನಾಲ್ಕು ಅಂಕಿ ಕಂಪನಿ ಹುಟ್ಟಿದ ವರ್ಷ. ‘ಹದಿನೈದು ವರ್ಷಗಳಿಂದ ನಿಮ್ಮ ಸೇವೆಯಲ್ಲಿ’ ಎಂದು ಜಾಹೀರಾತು ಕೊಡುವವರ ಸಿಐಎನ್‌ನಲ್ಲಿ 2024 ಎಂದಿದ್ದರೆ ಉಳಿದದ್ದನ್ನು ನೀವೇ ಊಹಿಸಬಹುದು.

ಆದರೆ ಕಂಪನಿ ನೋಂದಣಿ ಆಗಿದೆ ಎಂಬುದು ಅದರ ನಡತೆಗೆ ಪ್ರಮಾಣಪತ್ರವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಜಾರಿ ನಿರ್ದೇಶನಾಲಯ ಸಾಲದ ಆ್ಯಪ್‌ಗಳ ಪ್ರಕರಣದಲ್ಲಿ ಬೆಂಗಳೂರಿನ ಆರು ಕಡೆ ಶೋಧ ನಡೆಸಿತು. ನಗರದ ಸೈಬರ್ ಪೊಲೀಸರು ದಾಖಲಿಸಿದ್ದ 18 ಎಫ್‌ಐಆರ್‌ಗಳು ಅದಕ್ಕೆ ಆಧಾರ. ನಕಲಿ ದಾಖಲೆ ಬಳಸಿ ಭಾರತೀಯರನ್ನು ಡಮ್ಮಿ ನಿರ್ದೇಶಕರನ್ನಾಗಿ ಮಾಡಲಾಗಿತ್ತು, ಚೀನಾದವರು ಹಿಂದೆ ನಿಂತು ಕಂಪನಿಗಳನ್ನು ನಡೆಸುತ್ತಿದ್ದರು, ನೋಂದಣಿಯಲ್ಲಿ ಕೊಟ್ಟ ವಿಳಾಸದಲ್ಲಿ ಕಂಪನಿಯೇ ಇರಲಿಲ್ಲ ಎಂದು ನಿರ್ದೇಶನಾಲಯ ಆಗ ಹೇಳಿತ್ತು. ಮರ್ಚೆಂಟ್ ಐಡಿ ಮತ್ತು ಬ್ಯಾಂಕ್ ಖಾತೆಗಳಲ್ಲಿದ್ದ 17 ಕೋಟಿ ರೂಪಾಯಿಯನ್ನು ವಶಪಡಿಸಿಕೊಂಡಿತ್ತು. ಕಾಗದದಲ್ಲಿ ಎಲ್ಲ ಸರಿಯಿತ್ತು. ಆದ್ದರಿಂದ ವಿಳಾಸವನ್ನು ಮ್ಯಾಪ್‌ನಲ್ಲಿ ಹಾಕಿ ನೋಡಿ. ನಿಮ್ಮೂರಿನದೇ ಆಗಿದ್ದರೆ ಪರಿಚಯದವರನ್ನು ಕಳಿಸಿ ಬೋರ್ಡ್ ಇದೆಯೇ ಎಂದು ನೋಡಿಸಿ. ಪ್ರೈವೆಸಿ ಪಾಲಿಸಿ ಲಿಂಕ್ ಒತ್ತಿದರೆ ಪುಕ್ಕಟೆ ಸಿಗುವ ಯಾವುದೋ ಪುಟ ತೆರೆದುಕೊಂಡು, ಸಂಪರ್ಕಕ್ಕೆ ಜಿಮೇಲ್ ವಿಳಾಸ ಮಾತ್ರ ಕೊಟ್ಟಿದ್ದರೆ ನಾನಂತೂ ಆ ಆ್ಯಪ್ ಮುಟ್ಟುವುದಿಲ್ಲ.

ಸ್ಟಾರ್‌ಗಳ ಸಂಖ್ಯೆ, ಲಕ್ಷಾಂತರ ಡೌನ್‌ಲೋಡ್ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ವಿಮರ್ಶೆಗಳನ್ನು ‘ಇತ್ತೀಚಿನವು’ ಎಂದು ಜೋಡಿಸಿ, ಒಂದು ಮತ್ತು ಎರಡು ಸ್ಟಾರ್ ಕೊಟ್ಟವರು ಬರೆದದ್ದನ್ನು ಓದಿ. ಡೇಟಾ ಸೇಫ್ಟಿ ಎಂಬ ಭಾಗವೂ ಆ್ಯಪ್ ಮಾಡಿದವರೇ ತುಂಬಿಸಿದ ಘೋಷಣೆ.

ಏನೇನು ಕೇಳುತ್ತದೆ?

ಸಾಲದ ಆ್ಯಪ್ ನಿಮ್ಮ ಫೋನಿನ ಕಾಂಟ್ಯಾಕ್ಟ್ಸ್, ಕರೆಗಳ ಪಟ್ಟಿ, ಫೋಟೊ ಮತ್ತು ಫೈಲ್‌ಗಳಿಗೆ ಕೈಹಾಕುವಂತಿಲ್ಲ. ಇದು ಆರ್‌ಬಿಐ ನಿಯಮ. ಕೆವೈಸಿಗಾಗಿ ಕ್ಯಾಮೆರಾ, ಮೈಕ್, ಲೊಕೇಶನ್ ಬೇಕಾದರೆ ನಿಮ್ಮ ಒಪ್ಪಿಗೆ ಪಡೆದು ಒಂದೇ ಬಾರಿ ಬಳಸಬಹುದು. ಕಾಂಟ್ಯಾಕ್ಟ್ಸ್ ಕೇಳಿದ ಆ್ಯಪ್‌ನೊಂದಿಗೆ ಚರ್ಚೆಯೇ ಬೇಡ, ತೆಗೆದುಹಾಕಿ. ಕಂತು ತಪ್ಪಿದ ದಿನ ನಿಮ್ಮ ಅತ್ತೆ, ಮೇಷ್ಟ್ರು, ಆಫೀಸಿನ ಸಹೋದ್ಯೋಗಿ ಎಲ್ಲರಿಗೂ ತಿರುಚಿದ ಫೋಟೊ ಕಳಿಸುವುದು ಆ ಪಟ್ಟಿಯನ್ನು ಹಿಡಿದುಕೊಂಡೇ. ಅದು ಒಮ್ಮೆ ಅವರ ಕೈ ಸೇರಿದರೆ ಆ್ಯಪ್ ಅಳಿಸಿದರೂ ವಾಪಸ್ ಬರುವುದಿಲ್ಲ. ಲಿಂಕ್ ಕಳಿಸಿ ಎಪಿಕೆ ಫೈಲ್ ಹಾಕಿಕೊಳ್ಳಿ ಎನ್ನುವವರನ್ನು, ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುವವರನ್ನು ಹತ್ತಿರಕ್ಕೂ ಸೇರಿಸಬೇಡಿ. ಆ ಅನುಮತಿ ಸಿಕ್ಕರೆ ನಿಮ್ಮ ಪರದೆಯ ಮೇಲೆ ಕಾಣುವುದನ್ನೆಲ್ಲ ಅವರು ಓದಬಲ್ಲರು.

ಲೆಕ್ಕ ಮಾಡಿ

ಸಹಿಗೆ ಮುಂಚೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ವಿವರ ಪತ್ರವನ್ನು ನಿಮಗೆ ಕೊಡಲೇಬೇಕು. ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದು ನಿಯಮ ಹೇಳುತ್ತದೆ, ಕನ್ನಡದಲ್ಲೇ ಕೊಡಿ ಎಂದು ಕೇಳಲು ಹಿಂಜರಿಯಬೇಡಿ. ಒಂದು ಉದಾಹರಣೆ: 5,000 ರೂಪಾಯಿ ಸಾಲ ಎನ್ನುತ್ತಾರೆ, ಪ್ರೊಸೆಸಿಂಗ್ ಫೀ ಹಿಡಿದು ಖಾತೆಗೆ ಹಾಕುವುದು 3,000, ಏಳನೇ ದಿನ ಕಟ್ಟಬೇಕಾದದ್ದು 5,000. ಕೈಗೆ ಬಂದ 3,000ಕ್ಕೆ ವಾರದಲ್ಲಿ 2,000 ಹೆಚ್ಚುವರಿ. ವರ್ಷದ ಲೆಕ್ಕಕ್ಕೆ ಶೇ 3,400 ದಾಟುತ್ತದೆ. 60 ದಿನಕ್ಕಿಂತ ಮೊದಲೇ ಪೂರ್ತಿ ಹಣ ಕಟ್ಟಿಸಿಕೊಳ್ಳುವ ವೈಯಕ್ತಿಕ ಸಾಲದ ಆ್ಯಪ್‌ಗಳಿಗೆ ಪ್ಲೇ ಸ್ಟೋರ್‌ನಲ್ಲಿ ಅವಕಾಶವೇ ಇಲ್ಲ ಎಂಬುದು ನೆನಪಿರಲಿ. ಏಳು ದಿನದ ಸಾಲ ಎಂದ ಕೂಡಲೇ ಅವರ ಬಣ್ಣ ಬಯಲಾದಂತೆ.

ಸಾಲದ ಹಣ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿಯ ಖಾತೆಯಿಂದ ನೇರವಾಗಿ ನಿಮ್ಮ ಖಾತೆಗೆ ಬರಬೇಕು, ಕಂತೂ ನೇರವಾಗಿ ಅಲ್ಲಿಗೇ ಹೋಗಬೇಕು. ವ್ಯಕ್ತಿಯೊಬ್ಬರ ಯುಪಿಐಗೆ ಕಟ್ಟಿ ಎಂದರೆ ಕಟ್ಟಬೇಡಿ. ಸಾಲ ಕೊಡುವ ಮುಂಚೆಯೇ ವಿಮೆ, ಜಿಎಸ್‌ಟಿ, ಫೈಲ್ ಚಾರ್ಜ್ ಎಂದು ಹಣ ಕೇಳುವವರು ಸಾಲ ಕೊಡುವವರೇ ಅಲ್ಲ. ಸಾಲ ಪಡೆದ ಮೇಲೆ ಮನಸ್ಸು ಬದಲಾದರೆ ನಿಗದಿತ ಅವಧಿಯೊಳಗೆ (ಅದು ಕನಿಷ್ಠ ಒಂದು ದಿನ) ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ, ದಂಡವಿಲ್ಲದೆ ಹೊರಬರುವ ಹಕ್ಕೂ ನಿಮಗಿದೆ. ಆ ಅವಧಿ ಎಷ್ಟೆಂದು ವಿವರ ಪತ್ರದಲ್ಲೇ ಇರುತ್ತದೆ.

ಸಿಕ್ಕಿಹಾಕಿಕೊಂಡಿದ್ದರೆ

ಒಂದು ಆ್ಯಪ್‌ನ ಸಾಲ ತೀರಿಸಲು ಇನ್ನೊಂದು ಆ್ಯಪ್‌ಗೆ ಹೋಗಬೇಡಿ. ಬೆದರಿಕೆ ಬಂದರೆ ಮನೆಯವರಿಗೆ ಮೊದಲು ನೀವೇ ಹೇಳಿಬಿಡಿ. ಅರ್ಧ ಹೆದರಿಕೆ ಅಲ್ಲೇ ಕಳೆಯುತ್ತದೆ, ಬೆದರಿಸುವವರ ಕೈಯಲ್ಲಿರುವ ಅಸ್ತ್ರವೂ ಮೊಂಡಾಗುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಅಕ್ರಮ ಆ್ಯಪ್ ಬಗ್ಗೆ ಆರ್‌ಬಿಐನ ‘ಸಚೇತ್’ ಪೋರ್ಟಲ್‌ಗೆ ಬರೆಯಿರಿ. ನೋಂದಾಯಿತ ಸಂಸ್ಥೆಯದೇ ತಪ್ಪಾಗಿದ್ದರೆ ಮೊದಲು ಅದರ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ, ಸಹಾಯವಾಣಿ 14448.

ದೂರು ಕೊಡಲು ಹೋಗುವ ಮುಂಚೆ ಆ್ಯಪ್ ಅಳಿಸಬೇಡಿ. ಅದರ ಹೆಸರು, ಡೆವಲಪರ್ ಹೆಸರು, ಹಣ ಬಂದುಹೋದ ಖಾತೆ ಮತ್ತು ವಹಿವಾಟಿನ ಯುಟಿಆರ್ ಸಂಖ್ಯೆ, ಬೆದರಿಕೆ ಹಾಕಿದ ನಂಬರ್‌ಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಕಾಂಟ್ಯಾಕ್ಟ್ಸ್ ಅನುಮತಿಯನ್ನು ಮಾತ್ರ ಸೆಟ್ಟಿಂಗ್ಸ್‌ಗೆ ಹೋಗಿ ತಕ್ಷಣ ಬಂದ್ ಮಾಡಿ.