ಹೆಸರು ಹಿಡಿದು ಹೋಗಬೇಡಿ, ನಂಬರು ಹಿಡಿದು ಹೋಗಿ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಕ್ರಿಮಿನಲ್ ಕೇಸು ಎಂಬುದು ಇವತ್ತಿಗೂ ಬಾಗಿಲು ಮುಂದೆ ಮಾಡಿಕೊಂಡು ಆಡುವ ಮಾತು. ಆದರೂ ಅದು ಹೇಗೋ ಒಳಗೆ ಬಂದೇ ಬರುತ್ತದೆ. ಮಗಳಿಗೆ ನೋಡಿದ ಹುಡುಗನ ಊರು ಮಾಗಡಿ ಕಡೆ, ‘ಅವನ ಮೇಲೆ ಏನೋ ಕೇಸಿತ್ತಂತೆ’ ಎಂದು ಯಾರೋ ಅಂದುಬಿಡುತ್ತಾರೆ. ಅಣ್ಣನ ಮಗನಿಗೆ ಊರಿನ ಜಮೀನು ಹೊಡೆದಾಟದ ಕೇಸಿನಲ್ಲಿ ಖುಲಾಸೆಯಾಗಿ ವರ್ಷಗಳೇ ಆಗಿರುತ್ತವೆ, ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಷನ್ ಹೊತ್ತಿಗೆ ‘ತೀರ್ಪಿನ ನಕಲು ತನ್ನಿ’ ಅನ್ನುತ್ತಾರೆ. ಆಗ ನೀವು ಮಾಡುವ ಮೊದಲ ಕೆಲಸ ಫೋನಿನಲ್ಲಿ ಹೆಸರು ಹಾಕಿ ಹುಡುಕುವುದು. ಎರಡನೆಯದು, ಸಿಕ್ಕಿದ್ದನ್ನು ಫ್ಯಾಮಿಲಿ ಗ್ರೂಪಿಗೆ ಹಾಕುವುದು. ಎರಡೂ ಸರಿಯಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದಿದ್ದಾರೆ ಹಿರಿಯರು. ನೀವು ಇನ್ನೂ ಪ್ರತ್ಯಕ್ಷವನ್ನೇ ಕಂಡಿಲ್ಲವಲ್ಲ!

ಮೊದಲು, ನಿಮಗೆ ಬೇಕಾದದ್ದು ಏನು ಎಂದು ಕೂತು ಯೋಚಿಸಿ. ಮಹಡಿಗೆ ಬಾಡಿಗೆಗೆ ಬರುವವರು, ಕಾರಿನ ಡ್ರೈವರ್, ಮನೆಕೆಲಸದವರು – ಇವರ ವಿಚಾರವಾದರೆ ಕೋರ್ಟಿನ ಕಡತ ಕೆದಕಬೇಕಿಲ್ಲ. ಅದಕ್ಕೆ ಪೊಲೀಸ್ ವೆರಿಫಿಕೇಷನ್ ಎಂಬ ನೇರ ದಾರಿಯಿದೆ, ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಕೋರ್ಟಿನ ನಕಲು ಬೇಕಾಗುವುದು ಒಂದು ನಿರ್ದಿಷ್ಟ ಕೇಸು ಏನಾಯಿತು ಎಂದು ಮುದ್ರೆಯೊತ್ತಿದ ಕಾಗದದಲ್ಲಿ ತೋರಿಸಬೇಕಾದಾಗ.

ಇನ್ನು ಮುಖ್ಯವಾದ ಮಾತು. ಒಂದೇ ಕೇಸಿಗೆ ಮೂರು ನಂಬರು ಇರಬಹುದು, ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೊಲೆ ಯತ್ನದ ಕೇಸಾಯಿತು ಅನ್ನಿ. ಠಾಣೆಯಲ್ಲಿ ಎಫ್‌ಐಆರ್ ಆದಾಗ ಬೀಳುವುದು ಕ್ರೈಂ ನಂಬರು. ಪೊಲೀಸರು ಚಾರ್ಜ್‌ಶೀಟ್ ಹಾಕಿದ ಮೇಲೆ ಮಾಗಡಿಯ ಜೆಎಂಎಫ್‌ಸಿ ಕೋರ್ಟು ಕೊಡುವುದು ಸಿ.ಸಿ. ನಂಬರು. ಇಂಥ ಘೋರ ಅಪರಾಧದ ವಿಚಾರಣೆ ಮಾಡುವ ಅಧಿಕಾರ ಆ ಕೋರ್ಟಿಗಿಲ್ಲ, ಅದು ಮೂರು ವರ್ಷದವರೆಗಿನ ಶಿಕ್ಷೆ ಮಾತ್ರ ಕೊಡಬಲ್ಲದು. ಹಾಗಾಗಿ ಕೇಸನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸುತ್ತದೆ. ಅಲ್ಲಿ ಬೀಳುವುದು ಎಸ್.ಸಿ. ನಂಬರು. ತೀರ್ಪು ಇರುವುದು ಈ ಮೂರನೆಯ ನಂಬರಿನ ಕೆಳಗೆ. ನೀವು ಎಫ್‌ಐಆರ್ ನಂಬರು ಹಿಡಿದುಕೊಂಡು ಮಾಗಡಿಯ ಕಿಟಕಿಯಲ್ಲಿ ತೀರ್ಪು ಕೊಡಿ ಎಂದರೆ ಅವರು ತಾನೇ ಎಲ್ಲಿಂದ ಕೊಟ್ಟಾರು?

ಯಾವ ಕೋರ್ಟು ಎಂಬುದನ್ನೂ ಬಸ್ಸು ಹತ್ತುವ ಮುಂಚೆಯೇ ತಿಳಿದುಕೊಳ್ಳಿ. ಮಾಗಡಿ ಇರುವುದು ರಾಮನಗರ ಜಿಲ್ಲೆಯಲ್ಲಿ, ಅದಕ್ಕೀಗ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಾಗಿದೆ. ಹಳೆಯ ಕಾಗದಗಳಲ್ಲಿ ರಾಮನಗರ ಎಂದೇ ಇರುತ್ತದೆ, ಗಾಬರಿಯಾಗಬೇಡಿ. ಅದು ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಮುಂಚೆ ಮಾಗಡಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತ್ತು, 1986ಕ್ಕೆ ಮುಂಚೆ ಒಂದೇ ಬೆಂಗಳೂರು ಜಿಲ್ಲೆ. ಚಿಕ್ಕಬಳ್ಳಾಪುರದ ಕಥೆಯೂ ಅಷ್ಟೇ, 2007ರವರೆಗೆ ಅದು ಕೋಲಾರ. ಜಿಲ್ಲೆ ಬೇರೆಯಾದ ದಿನವೇ ಕೋರ್ಟೂ ಬೇರೆಯಾಗುತ್ತದೆಂದು ಇಲ್ಲ. ಹಾಗಾಗಿ 1990ರ ದಶಕದ ಮಾಗಡಿಯ ಸೆಷನ್ಸ್ ಕೇಸಾದರೆ ಮೊದಲು ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಕೋರ್ಟ್ ಆವರಣಕ್ಕೆ ಹೋಗಿ, ಬೆಂಗಳೂರು ಗ್ರಾಮಾಂತರ ಜಿಲ್ಲಾ ನ್ಯಾಯಾಲಯದಲ್ಲಿ ವಿಚಾರಿಸಿ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ, ಮೈಸೂರು ಬ್ಯಾಂಕ್ ಸರ್ಕಲ್ ಪಕ್ಕದಲ್ಲಿರುವ ಕಡತಕ್ಕೆ ಐವತ್ತು ಕಿಲೋಮೀಟರ್ ಯಾಕೆ ಹೋಗುತ್ತೀರಿ? ಮೇಲ್ಮನವಿ ಆಗಿದ್ದರೆ ಕೆಳಗಿನ ಕೋರ್ಟಿನ ಮೂಲ ಕಡತ ಹೈಕೋರ್ಟಿಗೇ ಹೋಗಿರಬಹುದು. ಆಗ ವಿಚಾರಿಸಬೇಕಾದದ್ದು ಹೈಕೋರ್ಟಿರುವ ಅಠಾರ ಕಚೇರಿಯಲ್ಲಿ.

ನಂಬರು ಗೊತ್ತಿಲ್ಲವೇ? ಆಗ ಇ-ಕೋರ್ಟ್ಸ್ ಜಾಲತಾಣ ಅಥವಾ ಆ್ಯಪ್ ತೆರೆಯಿರಿ, ಬೇಡ ಅನ್ನುವುದಿಲ್ಲ. ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ. ಠಾಣೆಯ ಹೆಸರು, ಎಫ್‌ಐಆರ್ ನಂಬರು, ವರ್ಷ ಗೊತ್ತಿದ್ದರೆ ಅದರಿಂದಲೇ ಹುಡುಕಿ, ಹೆಸರಿಗಿಂತ ಅದು ಎಷ್ಟೋ ವಾಸಿ. ಒಂದು ಕಡೆ ‘ಬಾಕಿ’, ‘ವಿಲೇವಾರಿ’, ‘ಎರಡೂ’ ಎಂದು ಮೂರು ಆಯ್ಕೆ ಇರುತ್ತದೆ. ಬಹಳ ಜನ ಅದನ್ನು ಮುಟ್ಟದೆ ಬಾಕಿ ಕೇಸಷ್ಟೇ ನೋಡಿ ‘ಏನೂ ಇಲ್ಲ, ಹುಡುಗ ಅಪ್ಪಟ ಚಿನ್ನ’ ಎಂದು ಸಾರಿಬಿಡುತ್ತಾರೆ. ಎರಡನ್ನೂ ನೋಡಿ. ಕೇಸು ಸಿಕ್ಕಿದ ಮೇಲೆ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು ಕಾಣುತ್ತದೆ. ನಮ್ಮ ರಾಜ್ಯದ್ದು ‘ಕೆಎ’ ಎಂದು ಶುರುವಾಗುತ್ತದೆ. ಅದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಿ.

ಹೆಸರಿನಿಂದಲೇ ಹುಡುಕಬೇಕಾಗಿ ಬಂದರೆ ಮೈಯೆಲ್ಲ ಕಣ್ಣಾಗಿರಿ. ಮಂಜುನಾಥ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡುವಾಗ ಒಬ್ಬ ಗುಮಾಸ್ತರು ಕೊನೆಗೆ ‘ಎ’ ಹಾಕಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ, ಮತ್ತೊಬ್ಬರು ‘ಎಚ್’ ಅನ್ನೇ ನುಂಗಿರುತ್ತಾರೆ. ಹೆಸರಿನ ಮೊದಲ ನಾಲ್ಕೈದು ಅಕ್ಷರ ಮಾತ್ರ ಕೊಟ್ಟು ನೋಡಿ, ವರ್ಷ ಬದಲಿಸಿ ನೋಡಿ. ಒಂದೇ ಹೋಬಳಿಯಲ್ಲಿ ಅದೇ ಹೆಸರಿನವರು ಹತ್ತು ಮಂದಿ ಇರುತ್ತಾರೆಂಬುದನ್ನು ಮರೆಯಬೇಡಿ. ತಂದೆಯ ಹೆಸರು, ವಯಸ್ಸು, ಊರು ಮೂರೂ ತಾಳೆಯಾಗದೆ ‘ಇವನೇ ಅವನು’ ಅನ್ನಬೇಡಿ. ತೀರ್ಪಿನ ಮೊದಲ ಪುಟದಲ್ಲಿ ‘ರಾಜ್ಯ, ಇಂಥ ಪೊಲೀಸ್ ಠಾಣೆಯ ಮೂಲಕ’ ಎಂದು ಒಂದು ಕಡೆ, ಆರೋಪಿಯ ಹೆಸರು, ತಂದೆ, ವಯಸ್ಸು, ಕಸುಬು, ವಾಸ ಇನ್ನೊಂದು ಕಡೆ ಇರುತ್ತದೆ. ನೋಡಬೇಕಾದದ್ದು ಆ ಪುಟವನ್ನು.

ತೆರೆಯ ಮೇಲೆ ಕಂಡದ್ದನ್ನು ಓದುವುದರಲ್ಲೂ ನೀವು ಅವಸರ ಮಾಡುತ್ತೀರಿ. ಸಿ.ಸಿ. ನಂಬರಿನ ಎದುರು ‘ವಿಲೇವಾರಿ’ ಎಂದಿದ್ದರೆ ಕೇಸು ಮುಗಿಯಿತು ಎಂದುಕೊಳ್ಳಬೇಡಿ. ಸೆಷನ್ಸಿಗೆ ಒಪ್ಪಿಸಿದ್ದಕ್ಕೂ ಅಲ್ಲಿ ವಿಲೇವಾರಿ ಎಂದೇ ಲೆಕ್ಕ. ನಾಲ್ವರು ಆರೋಪಿಗಳಲ್ಲಿ ಒಬ್ಬ ತಲೆಮರೆಸಿಕೊಂಡಿದ್ದರೆ ಅವನ ಕೇಸನ್ನು ಬೇರೆ ಮಾಡಿ ಬೇರೆ ನಂಬರು ಕೊಡುತ್ತಾರೆ, ಕೋರ್ಟಿನವರ ಬಾಯಲ್ಲಿ ಅದು ‘ಸ್ಪ್ಲಿಟ್ ಅಪ್’. ಮೂವರು ಖುಲಾಸೆಯಾದರು ಎಂದಮಾತ್ರಕ್ಕೆ ನಾಲ್ಕನೆಯವನೂ ಆದ ಎಂದಲ್ಲ. ಕಾಯ್ದೆಯ ಸೆಕ್ಷನ್ನೂ ಬದಲಾಗಿದೆ. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಜಾರಿಗೆ ಬಂದವು. ಕೊಲೆ ಎಂದರೆ ಹಳೆಯ ಕಡತದಲ್ಲಿ ಐಪಿಸಿ 302, ಆ ದಿನದ ನಂತರ ನಡೆದದ್ದಾದರೆ ಬಿಎನ್‌ಎಸ್ 103. ಹಳೆಯ ನಂಬರಿಗೇ ಜೋತುಬಿದ್ದರೆ ಹೊಸ ಕೇಸು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಜಾಲತಾಣದಲ್ಲಿ ಸಿಗುವ ತೀರ್ಪಿನ ಪಿಡಿಎಫ್ ನಿಮ್ಮ ತಿಳಿವಳಿಕೆಗೆ ಮಾತ್ರ. ಪಾಸ್‌ಪೋರ್ಟಿಗೆ, ಕೆಲಸಕ್ಕೆ, ಮೇಲ್ಮನವಿಗೆ ಬೇಕಾಗುವುದು ಕೋರ್ಟಿನ ದೃಢೀಕೃತ ನಕಲು. ಅದನ್ನು ಯಾರು ಕೇಳಬಹುದು? ಆರೋಪಿ ಕೇಳಬಹುದು, ಜೈಲು ಶಿಕ್ಷೆಯಾದರೆ ತೀರ್ಪಿನ ಒಂದು ಪ್ರತಿಯನ್ನು ಅವನಿಗೆ ಉಚಿತವಾಗಿ ಕೊಡಲೇಬೇಕು. ತೀರ್ಪಿನಿಂದ ಬಾಧಿತರಾದವರು ಶುಲ್ಕ ಕಟ್ಟಿ ಕೇಳಬಹುದು. ಹಿಂದೆ ಇದು ಸಿಆರ್‌ಪಿಸಿ 363, ಈಗ ಬಿಎನ್‌ಎಸ್‌ಎಸ್ 404. ಸಂಬಂಧವೇ ಇಲ್ಲದ ಮೂರನೆಯವರಾದರೆ ಹೈಕೋರ್ಟಿನ ನಿಯಮದ ಪ್ರಕಾರ ಹೋಗಬೇಕು. ಯಾಕೆ ಬೇಕು ಎಂಬುದನ್ನು ಪ್ರಮಾಣಪತ್ರದಲ್ಲಿ ಬರೆದು ಅರ್ಜಿ ಕೊಡಿ, ನ್ಯಾಯಾಧೀಶರು ಒಪ್ಪಿದರೆ ಸಿಗುತ್ತದೆ. ಕಾರಣವನ್ನು ನೆಟ್ಟಗೆ ಬರೆಯಿರಿ, ಕಥೆ ಕಟ್ಟಬೇಡಿ. ‘ಆರ್‌ಟಿಐ ಹಾಕಿಬಿಡುತ್ತೇನೆ’ ಎಂದು ಮೀಸೆ ತಿರುವಬೇಡಿ. ಕೋರ್ಟಿನ ಕಡತದ ನಕಲನ್ನು ಕೋರ್ಟಿನ ನಿಯಮದಲ್ಲೇ ಪಡೆಯಬೇಕೆಂದು ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಚಾರ್ಜ್‌ಶೀಟನ್ನು ಆನ್‌ಲೈನಿನಲ್ಲಿ ಹುಡುಕಿ ಕಣ್ಣು ಕೆಡಿಸಿಕೊಳ್ಳುವುದೂ ಬೇಡ, ಅದನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕಿಲ್ಲ ಎಂದು 2023ರಲ್ಲಿ ತೀರ್ಪಾಗಿದೆ. ಎಫ್‌ಐಆರ್ ಬೇರೆ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು 2016ರಲ್ಲೇ ಆದೇಶವಾಗಿದೆ, ರಾಜ್ಯ ಪೊಲೀಸರ ತಾಣದಲ್ಲಿ ನೋಡಿ.

ನಿಮ್ಮ ಮನೆಯವರದ್ದೇ ಕೇಸಾದರೆ ಮೊದಲು ಅಟ್ಟದ ಮೇಲಿನ ಕಾಗದ ಇಳಿಸಿ, ಹಳೆಯ ವಕೀಲರಿಗೆ ಫೋನು ಮಾಡಿ. ಚಾರ್ಜ್‌ಶೀಟಿನ ನಕಲನ್ನು ಆರೋಪಿಗೆ ಪುಕ್ಕಟೆ ಕೊಟ್ಟೇ ಕೇಸು ಮುಂದುವರಿಸುತ್ತಾರೆ. ಆ ಕಟ್ಟು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಮೂರು ನಂಬರಿನಲ್ಲಿ ಎರಡಾದರೂ ಅದರಲ್ಲಿ ಸಿಗುತ್ತದೆ.

ಈಗ ತಾಲ್ಲೂಕು ಕೋರ್ಟಿಗೆ ಹೊರಡಿ. ರಜೆ ಇದೆಯೇ ಎಂದು ಕೋರ್ಟಿನ ಕ್ಯಾಲೆಂಡರ್ ನೋಡಿಕೊಂಡು, ಬೆಳಗ್ಗೆಯೇ ಹೊರಡಿ. ಚಿಕ್ಕ ಕೋರ್ಟಿನಲ್ಲಿ ಸಿಬ್ಬಂದಿ ನಾಲ್ಕೇ ಜನ, ಕಲಾಪ ಶುರುವಾದರೆ ನಿಮ್ಮ ಕಡೆ ತಿರುಗಿ ನೋಡಲೂ ಅವರಿಗೆ ಪುರುಸೊತ್ತಿರುವುದಿಲ್ಲ. ನಕಲು ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಕೇಸಿನ ನಂಬರು ಮತ್ತು ವರ್ಷ, ಎರಡೂ ಕಡೆಯವರ ಹೆಸರು, ತೀರ್ಪಾದ ದಿನಾಂಕ, ಬೇಕಾದ ದಾಖಲೆ ಯಾವುದು, ನಿಮಗೂ ಕೇಸಿಗೂ ಏನು ಸಂಬಂಧ, ಎಷ್ಟು ಪ್ರತಿ – ಇಷ್ಟನ್ನು ಸ್ಫುಟವಾಗಿ ಬರೆಯಿರಿ, ಗುರುತಿನ ಚೀಟಿಯ ಪ್ರತಿ ಇಟ್ಟುಕೊಂಡಿರಿ. ‘ಇಡೀ ಫೈಲು ಕೊಡಿ’ ಎಂದು ಕೇಳಬೇಡಿ, ದುಡ್ಡೂ ದಂಡ, ದಿನವೂ ದಂಡ. ಪಾಸ್‌ಪೋರ್ಟಿಗೆ ತೀರ್ಪೊಂದೇ ಸಾಕಾಗಬಹುದು. ಕೇಸು ಹೇಗೆ ನಡೆಯಿತು ಎಂದು ತಿಳಿಯಬೇಕಾದರೆ ಆರ್ಡರ್ ಶೀಟು ಕೇಳಿ, ಸಾಕ್ಷಿಗಳು ಏನೆಂದರು ಎಂಬುದಕ್ಕೆ ಅವರ ಹೇಳಿಕೆ ಕೇಳಿ. ಪೊಲೀಸರೇ ‘ಬಿ ರಿಪೋರ್ಟ್’ ಹಾಕಿ ಮುಗಿಸಿದ್ದರೆ ಅದರದ್ದೂ ಅದನ್ನು ಕೋರ್ಟು ಒಪ್ಪಿಕೊಂಡ ಆದೇಶದ್ದೂ ನಕಲು ಬೇಕು.

ಶಿರಸ್ತೇದಾರರ ಹತ್ತಿರ, ನಕಲು ಶಾಖೆಯವರ ಹತ್ತಿರ ಮಾತು ಮೆತ್ತಗಿರಲಿ. ‘ನಾವು ಬೆಂಗಳೂರಿಂದ ಬಂದಿದ್ದೇವೆ’ ಎಂಬ ಗತ್ತನ್ನು ಮಾಗಡಿ ರಸ್ತೆಯ ಟೋಲಿನಲ್ಲೇ ಬಿಟ್ಟು ಹೋಗಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹಾಗೆಂದು ಕೈ ಬೆಚ್ಚಗೆ ಮಾಡಲೂ ಹೋಗಬೇಡಿ. ಕಟ್ಟುವುದು ಕೋರ್ಟಿಗೆ, ಕಟ್ಟಿದ್ದಕ್ಕೆ ರಸೀದಿ, ಅಷ್ಟೇ. ಗೇಟಿನ ಬಳಿ ‘ನಾಳೆಯೇ ಕೊಡಿಸುತ್ತೇನೆ’ ಎನ್ನುವವನಿಗೆ ಮೂಲ ಕಾಗದ ಕೊಟ್ಟಿರೋ, ಕೆಟ್ಟಿರಿ. ನಿಮಗೇ ಓಡಾಡಲು ಆಗದಿದ್ದರೆ ಅದೇ ಕೋರ್ಟಿನ ಒಬ್ಬ ವಕೀಲರನ್ನು ಹಿಡಿಯಿರಿ. ದುಡ್ಡಿನ ತೊಂದರೆಯಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ನೆರವು ಕೊಡಬೇಕೆಂದು 1987ರ ಕಾಯ್ದೆಯೇ ಹೇಳುತ್ತದೆ. ಸಹಾಯವಾಣಿ 15100. ಬೆಂಗಳೂರಿನಲ್ಲೇ ಕೇಳಬೇಕೆಂದರೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದ ಕಾನೂನು ಸೇವಾ ಕಚೇರಿಗೆ ಹೋಗಿ, ಬಸವನಗುಡಿಯಿಂದ ಎಷ್ಟು ದೂರ!

ನಕಲು ಕೈಗೆ ಬಂದ ಕೂಡಲೇ ಮಡಚಿ ಚೀಲಕ್ಕೆ ಹಾಕಬೇಡಿ. ಅಲ್ಲೇ ಬೆಂಚಿನ ಮೇಲೆ ಕೂತು ಪುಟ ಎಣಿಸಿ, ಮುದ್ರೆ ಮತ್ತು ಸಹಿ ನೋಡಿ, ಹೆಸರು-ದಿನಾಂಕ ತಾಳೆ ಮಾಡಿ. ಕೊನೆಯ ಪುಟದಲ್ಲೋ ಅದರ ಹಿಂಬದಿಯಲ್ಲೋ ಒಂದು ಮೊಹರು ಇರುತ್ತದೆ: ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ. ಅದನ್ನು ಸುಮ್ಮನೆ ಒತ್ತಿರುವುದಿಲ್ಲ. ಶಿಕ್ಷೆಯ ವಿರುದ್ಧ ಮೇಲ್ಮನವಿಗೆ ಸೆಷನ್ಸಿಗಾದರೆ 30 ದಿನ, ಹೈಕೋರ್ಟಿಗಾದರೆ ಸಾಮಾನ್ಯವಾಗಿ 60 ದಿನ ಗಡುವು. ನಕಲು ತಯಾರಾಗಲು ಹಿಡಿದ ದಿನಗಳನ್ನು ಗಡುವಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಸಿದ್ಧವಾದ ಮೇಲೂ ‘ಹಬ್ಬ ಮುಗಿಯಲಿ’ ಎಂದು ನೀವು ಕೂತಿರೋ, ಆ ದಿನಗಳು ನಿಮ್ಮ ತಲೆಗೇ. ಆದ್ದರಿಂದ ಸಿದ್ಧವಾದ ನಕಲುಗಳ ಪಟ್ಟಿ ಎಲ್ಲಿ ಅಂಟಿಸುತ್ತಾರೆಂದು ಮೊದಲೇ ಕೇಳಿಟ್ಟುಕೊಂಡು ವಿಚಾರಿಸುತ್ತಿರಿ.

ತೀರಾ ಹಳೆಯ ಕೇಸಾದರೆ ಕಡತ ದಾಖಲೆ ಕೊಠಡಿ ಸೇರಿರುತ್ತದೆ, ಹುಡುಕಲು ಸಮಯ ಹಿಡಿಯುತ್ತದೆ. ಅವಧಿ ಮುಗಿದ ಕಾಗದಗಳನ್ನು ನಿಯಮದಂತೆ ನಾಶ ಮಾಡುವುದೂ ಉಂಟು. ಆಗ ಜಗಳಕ್ಕೆ ನಿಲ್ಲದೆ, ‘ಕಡತ ಲಭ್ಯವಿಲ್ಲ’ ಎಂಬುದನ್ನೇ ಬರವಣಿಗೆಯಲ್ಲಿ ಕೊಡಿ ಎಂದು ಅರ್ಜಿ ಕೊಡಿ. ಬಾಯಿಮಾತಿನ ‘ಇಲ್ಲ’ ಎಲ್ಲಿಗೂ ಸಲ್ಲುವುದಿಲ್ಲ, ಬರೆದುಕೊಟ್ಟ ‘ಇಲ್ಲ’ ಎಷ್ಟೋ ಕಡೆ ಕೆಲಸಕ್ಕೆ ಬರುತ್ತದೆ.

ಕಡೆಯದಾಗಿ ಬಾಯಿಯ ವಿಚಾರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಫ್‌ಐಆರ್ ಎಂದರೆ ದೂರು ಅಷ್ಟೇ, ತೀರ್ಪಲ್ಲ. ಖುಲಾಸೆಯಾದವನನ್ನು ಆರೋಪಿ ಎಂದೇ ಕರೆಯುವುದು ಪಾಪ. ಅತ್ಯಾಚಾರದಂಥ ಕೇಸಿನಲ್ಲಿ ನೊಂದವಳ ಗುರುತು ಹೊರಗೆಡವಿದರೆ ಎರಡು ವರ್ಷದವರೆಗೆ ಜೈಲುಂಟು, ಮಕ್ಕಳು ಸಿಕ್ಕಿಕೊಂಡ ಕೇಸಿನಲ್ಲೂ ಗುರುತು ಹೇಳುವಂತಿಲ್ಲ. ‘ನಮ್ಮ ಗ್ರೂಪಿನವರೇ ತಾನೆ’ ಎಂಬ ನೆಪ ಕಾನೂನಿಗೆ ಗೊತ್ತಿಲ್ಲ. ತಂದ ನಕಲನ್ನು ಬೇಕಾದವರಿಗೆ ತೋರಿಸಿ, ಬೀರುವಿನಲ್ಲಿಡಿ.

ಇಷ್ಟು ಓಡಾಡುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಮದುವೆ ಮಾತಿನ ಹುಡುಗನ ವಿಚಾರವಾದರೆ, ಅವನನ್ನೂ ಅವನ ಅಪ್ಪ ಅಮ್ಮನನ್ನೂ ಮನೆಗೆ ಕರೆದು, ಕಾಫಿ ಕೊಟ್ಟು, ನೇರವಾಗಿ ಕೇಳಿ: ‘ಕೇಸಿತ್ತಂತೆ, ಏನಪ್ಪ ಅದು? ನಂಬರೇನು?’ ಮುಚ್ಚುಮರೆಯಿಲ್ಲದವನು ನಂಬರಷ್ಟೇ ಅಲ್ಲ, ಮೊಹರೊತ್ತಿದ ತೀರ್ಪನ್ನೇ ತಂದುಕೊಡುತ್ತಾನೆ. ತಡಬಡಾಯಿಸಿದರೆ ಮಾಗಡಿಯ ಬಸ್ಸು ಹೇಗೂ ಇದೆ.