ಸೆರಗಿಗೆ ಗಂಟು, ಬೆಳ್ಳಿಗೆ ಮೂಸೆ

ಪ್ರಶ್ನೆ: ಇಂಗ್ಲೆಂಡಿನ ಹೊಲವೊಂದರಲ್ಲಿ ಸಿಕ್ಕ ಬೆಳ್ಳಿಯ ಉಡುಪಿನ ಪಿನ್ನಿನ ಚಿತ್ರ ನೋಡಿದೆ, ತಲೆಯ ಮೇಲೆಲ್ಲ ಕುಸುರಿ ಕೆಲಸ. ನಮ್ಮ ಸನ್ನತಿ, ಮಸ್ಕಿಗಳ ಉತ್ಖನನದಲ್ಲಿ ಇಂಥದ್ದರ ಮಾತೇ ಕೇಳಿಬರುವುದಿಲ್ಲವಲ್ಲ, ಯಾಕೆ? ನಮ್ಮಜ್ಜಿಯ ಡಬ್ಬಿಯಲ್ಲೂ ಬೆರಳುದ್ದದ ಒಂದು ಬೆಳ್ಳಿ ಕಡ್ಡಿ ಇದೆ, ಮೇಲೆ ನವಿಲು ಕೂತಿದೆ. ಅದೂ ಪಿನ್ನೇನಾ?
– ಓದುಗರೊಬ್ಬರು, ಗಾಜಿಪುರ, ಕಲಬುರಗಿ

ಉತ್ತರ: ಇಂಗ್ಲೆಂಡಿನ ಹೊಲಗಳಲ್ಲಿ ಸಿಗುವ ಕುಸುರಿ ಪಿನ್ನುಗಳಲ್ಲಿ ಹೆಚ್ಚಿನವು 16ನೇ ಶತಮಾನದವು, ಟ್ಯೂಡರ್ ಅರಸರ ಕಾಲದವು. ತಲೆ ಗೋಲಿಯಂತೆ ದುಂಡಗೆ, ಒಳಗೆ ಟೊಳ್ಳು. ಎರಡು ಪುಟ್ಟ ಬಟ್ಟಲುಗಳನ್ನು ಮುಖಾಮುಖಿ ಬೆಸೆದು, ಮೇಲೆ ಎಳೆತಂತಿಯ ಸುರುಳಿ ಸುತ್ತಿ, ಸಾಸಿವೆಗಿಂತ ಸಣ್ಣ ರವೆ ಕೂಡಿಸಿ, ಕೆಲವಕ್ಕೆ ಚಿನ್ನದ ನೀರನ್ನೂ ಕೊಟ್ಟಿರುತ್ತಾರೆ. ಆ ಕಾಲದ ಇಂಗ್ಲಿಷರ ಉಡುಪೆಂದರೆ ಬಿಡಿಭಾಗಗಳ ಜೋಡಣೆ: ತಲೆವಸ್ತ್ರ ಬೇರೆ, ಕೊರಳಪಟ್ಟಿ ಬೇರೆ, ಎಷ್ಟೋ ಸಲ ತೋಳೂ ಬೇರೆ. ಎಲ್ಲವನ್ನೂ ಹಿಡಿದಿಡಲು ಪಿನ್ನು ಬೇಕು, ಜಾರಿ ಬಿದ್ದ ಪಿನ್ನು ಮಣ್ಣು ಸೇರಬೇಕು. ಈಗ ಲೋಹಶೋಧಕ ಹಿಡಿದು ಹೊಲ ಸುತ್ತುವುದು ಅಲ್ಲಿ ಒಂದು ಹವ್ಯಾಸ. 300 ವರ್ಷಕ್ಕಿಂತ ಹಳೆಯದಾಗಿ, ಶೇ. 10ರಷ್ಟಾದರೂ ಬೆಳ್ಳಿ ಬಂಗಾರ ಇರುವ ವಸ್ತು ಸಿಕ್ಕರೆ 1996ರ ನಿಧಿ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು. ಅದಕ್ಕೇ ಮುರಿದ ಪಿನ್ನಿಗೂ ಅಲ್ಲೊಂದು ಕಡತ, ಒಂದು ಫೋಟೊ.

ನಮ್ಮ ಕಡೆಯ ಉತ್ತರಕ್ಕೆ ಭೀಮಾ ದಂಡೆಗೆ ಬನ್ನಿ. ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿ, ಪರಿಚಾರಕಿಯರೊಡನೆ ನಿಂತ ಅಶೋಕನ ಶಿಲ್ಪವಿದೆ, ಬ್ರಾಹ್ಮಿಯಲ್ಲಿ ಅವನ ಹೆಸರೂ ಇದೆ. ಅಲ್ಲಿನ ಶಿಲ್ಪಗಳಲ್ಲಿ ಕಿವಿಗೆ, ಕೈಗೆ, ನಡುವಿಗೆ ಆಭರಣವೋ ಆಭರಣ. ಬಟ್ಟೆ ಮಾತ್ರ ನಿಂತಿರುವುದು ಸುತ್ತು ಮತ್ತು ಗಂಟಿನ ಬಲದ ಮೇಲೆ. ನಡುಪಟ್ಟಿಯ ತುದಿಗಳು ಮುಂದೆ ಇಳಿಬಿದ್ದಿವೆ, ಮುಗಿಯಿತು.

ಆ ಪದ್ಧತಿ ಇನ್ನೂ ನಮ್ಮ ಮಾತಿನಲ್ಲೇ ಇದೆ. ಧೋತರಕ್ಕೆ ಕಚ್ಚೆ, ಸೀರೆಗೆ ನಿರಿಗೆ, ಗುಳೇದಗುಡ್ಡದ ಖಣದ ಕುಬಸಕ್ಕೆ ಎದುರಿಗೆ ಗಂಟು. 1347ರಲ್ಲಿ ಬಹಮನಿಗಳು ಕಲಬುರಗಿಯಲ್ಲಿ ರಾಜ್ಯ ಕಟ್ಟಿದ ಮೇಲೆ ಹೊಲಿದ ಉಡುಪಿನ ಬಳಕೆ ಹೆಚ್ಚಿರಬಹುದು, ಆದರೂ ಅಂಗಿಗೆ ಇದ್ದದ್ದು ಕಸಿಯೇ, ಅಂದರೆ ಕಟ್ಟುವ ದಾರವೇ. ಕಸಿ ಅಂಗಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಕಮಲಾಪುರದ ಸುತ್ತಲಿನ ತಾಂಡಾಗಳ ಹಿರಿಯ ಲಂಬಾಣಿ ಹೆಂಗಸರ ಕೆನ್ನೆಯ ಪಕ್ಕ ತೂಗುವ ಬೆಳ್ಳಿಯ ಘುಗ್ರಿ ನೋಡಿ, ಅದನ್ನೂ ಕೂದಲಿಗೇ ಹೆಣೆದಿರುತ್ತಾರೆ. ಹಾಗೆಂದು ನಮ್ಮ ಅಕ್ಕಸಾಲಿಗರಿಗೆ ಕೈ ಇರಲಿಲ್ಲವೆಂದಲ್ಲ. ಕಪ್ಪು ಲೋಹದಲ್ಲಿ ಬೆಳ್ಳಿತಂತಿ ಕೂಡಿಸುವ ಬೀದರಿನವರಿಗೆ ಒಂದು ಪಿನ್ನಿನ ತಲೆ ಯಾವ ಲೆಕ್ಕ? ಬೇಕಾಗಿರಲಿಲ್ಲ, ಅಷ್ಟೇ. ಕೊಡಗಿನಲ್ಲಿ ಸೆರಗು ಬಲಭುಜದ ಮೇಲೆ ಬಂದು ನಿಲ್ಲುವುದರಿಂದ ಅಲ್ಲಿ ಬ್ರೂಚಿಗೆ ಜಾಗವಿದೆ. ಉಳಿದವರ ಸೆರಗು, ಬಳೆಗಳಿಗೆ ಇಂದು ಸಿಕ್ಕಿಕೊಂಡಿರುವ ಸೇಫ್ಟಿ ಪಿನ್ನು 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಪೇಟೆಂಟ್ ಪಡೆದದ್ದು. ಆತ ಆ ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ, ಪಾಪ.

ಇನ್ನೊಂದು ಕಾರಣ ಬೆಳ್ಳಿಯೇ. ಬಂಗಾರಕ್ಕೆ ನಮಗೆ ಹಟ್ಟಿ ಇತ್ತು, ಕೋಲಾರ ಇತ್ತು. ಬೆಳ್ಳಿ ಬಹುಪಾಲು ಹೊರಗಿನಿಂದ ಬರಬೇಕಿತ್ತು. ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳೇ ಅದಕ್ಕೆ ಸಾಕ್ಷಿ. ಹೊರಗಿನಿಂದ ಬಂದ ಬೆಳ್ಳಿಯನ್ನು ಯಾರೂ ಮಣ್ಣಿಗೆ ಬಿಡುವುದಿಲ್ಲ. ಅಜ್ಜಿಯ ಕಾಲ್ಕಡಗ ಸರಾಫರ ಮೂಸೆಯಲ್ಲಿ ಕರಗಿ ಮೊಮ್ಮಗಳ ಕಾಲುಂಗುರ, ಕಾಲ್ಗೆಜ್ಜೆ ಆಗುತ್ತದೆ. ಅಷ್ಟಾಗಿಯೂ ಮಣ್ಣಿಗೆ ಬಿದ್ದ ಚೂರು ಉಪ್ಪಿನಂಶ ತಾಗಿ ಬೂದು ಮಿಶ್ರಿತ ಕಪ್ಪು ಹೆಂಟೆಯಾಗುತ್ತದೆ. ಅದನ್ನು ಬೆಳ್ಳಿಯೆಂದು ಗುರುತಿಸಲು ಪಳಗಿದ ಕಣ್ಣೇ ಬೇಕು.

ನಮ್ಮ ಮಣ್ಣಲ್ಲಿ ಕಡ್ಡಿಗಳು ಸಿಗುವುದೇ ಇಲ್ಲವೆಂದುಕೊಳ್ಳಬೇಡಿ. ಸಿಂಧೂ ಬಯಲಿನ ಚನ್ಹುದಾರೋದಲ್ಲಿ ಸುರುಳಿ ತಲೆಯ ತಾಮ್ರದ ಪಿನ್ನು ಸಿಕ್ಕಿದೆ. ದಖ್ಖನಿನ ಉತ್ಖನನ ವರದಿಗಳಲ್ಲಿ ತಾಮ್ರ, ಮೂಳೆ, ದಂತದ ಕಡ್ಡಿಗಳು ಬರುತ್ತಲೇ ಇರುತ್ತವೆ, ಆದರೆ ಹೆಚ್ಚಾಗಿ ಕಾಡಿಗೆ ಕಡ್ಡಿ, ಇಲ್ಲವೇ ಮುಡಿಯ ಸೂಜಿ ಎಂಬ ಹೆಸರಿನಲ್ಲಿ. ನಿಮ್ಮ ನವಿಲಿನ ಉತ್ತರವೂ ಇಲ್ಲೇ ಇದೆ.

ನವಿಲನ್ನು ಬಿಟ್ಟು ಇನ್ನೊಂದು ತುದಿ ನೋಡಿ. ಮೊನಚಾಗಿ ಬೆರಳಿಗೆ ಚುಚ್ಚಿದರೆ ಮುಡಿಗೋ ಬಟ್ಟೆಗೋ ಸಿಗಿಸುವ ಸೂಜಿ. ಜೋಳದ ಕಾಳಿನಂತೆ ಪುಟ್ಟ ಗುಳಿ ಇದ್ದರೆ ಕಿವಿಯ ಗುಗ್ಗೆ ತೆಗೆಯುವ ಕಡ್ಡಿ. ಆಗ ಮೇಲ್ತುದಿಯಲ್ಲಿ ಕೊಂಡಿಯಿದೆಯೇ ನೋಡಿ, ಇದ್ದರೆ ಮುಳ್ಳು ಕೀಳುವ ಚಿಮಟದ ಜೊತೆ ಅದು ಸರಪಳಿಯಲ್ಲಿ ನಡುವಿಗೆ ತೂಗುತ್ತಿದ್ದ ವಸ್ತು. ತುದಿ ಉರುಟಾಗಿ, ಕಣ್ಣಿಗೆ ತಾಗಿದರೂ ನೋಯದಂತೆ ನುಣುಪಾಗಿದ್ದರೆ ಸುರ್ಮಾ ಕಡ್ಡಿ, ಅಂದರೆ ಕಾಡಿಗೆ ಕಡ್ಡಿ. ಬೆರಳುದ್ದ, ಮೇಲೆ ನವಿಲು ಎಂದರೆ ನನ್ನ ಪಣ ಸುರ್ಮಾ ಕಡ್ಡಿಯ ಮೇಲೇ. ಸುರ್ಮಾದಾನಿಯ ಮುಚ್ಚಳಕ್ಕೆ ನವಿಲನ್ನು ಕೂರಿಸಿ, ಕೆಳಗೆ ಕಡ್ಡಿ ಬೆಸೆಯುವುದು ಹಳೆಯ ರೂಢಿ. ಡಬ್ಬಿಯ ತಳದಲ್ಲಿ ಆ ದಾನಿಯೂ ಇದ್ದೀತು, ಹುಡುಕಿ. ಸಿಕ್ಕರೆ ಹುಣಸೆಹಣ್ಣು, ವಿಭೂತಿ ಹಚ್ಚಿ ತಿಕ್ಕಬೇಡಿ. ನವಿಲಿನ ಗರಿಯ ಗೆರೆ ಕಾಣುವುದೇ ಅದರಲ್ಲಿ ಕೂತ ಕಪ್ಪಿನಿಂದ.