ಹತ್ತು ಸೆಂಟಿನ ಟೇಬಲ್ಲಿನಲ್ಲೇ ಇರು

ಅಳಿಯಾ, ನ್ಯೂಜೆರ್ಸಿಗೆ ಬಂದ ಮೇಲೆ ನೀನು ಆನ್‌ಲೈನ್ ಪೋಕರ್ ಕಲಿತದ್ದೂ, ಐದು–ಹತ್ತು ಸೆಂಟಿನ ಟೇಬಲ್ಲಿನಲ್ಲಿ ನಿಧಾನಕ್ಕೆ ಗೆಲ್ಲುತ್ತಿರುವುದೂ ನನಗೆ ಗೊತ್ತು. ಈ ರಾಜ್ಯದಲ್ಲಿ 2013ರಿಂದ ಇದು ಕಾನೂನು ಒಪ್ಪಿದ ಆಟ, ನಿನಗೂ 21 ದಾಟಿದೆ. ಆಡಲೇಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಮೊನ್ನೆ ನೀನು ಕೇಳಿದ ಪ್ರಶ್ನೆ ನನ್ನ ತಲೆಯಲ್ಲೇ ಉಳಿದಿದೆ: "ಮಾವ, ಗೆಲ್ಲೋರೂ ಯಾಕೆ ವರ್ಷಗಟ್ಟಲೆ ಚಿಲ್ಲರೆ ಟೇಬಲ್ಲಲ್ಲೇ ಕೂತಿರ್ತಾರೆ? ಅಷ್ಟೊಂದು ಹೆದರಿಕೆನಾ?" ರೂಮ್‌ಮೇಟುಗಳು ಛೇಡಿಸುತ್ತಾರೆ, ಐವತ್ತು ಸೆಂಟು–ಒಂದು ಡಾಲರಿನ ಟೇಬಲ್ಲಿಗೆ ಹೋಗಿಬಿಡೋಣ ಅನ್ನಿಸುತ್ತಿದೆ ಎಂದೂ ಹೇಳಿದೆ. ಇದೇ ಟೇಬಲ್ಲುಗಳಲ್ಲಿ ಬಹಳ ಕಾಲದಿಂದ ಆಡುತ್ತಿರುವವನಾಗಿ ಎರಡು ಮಾತು ಹೇಳುತ್ತೇನೆ, ಕೇಳು.

ನಿನ್ನ ಖಾತೆಯಲ್ಲಿರುವುದು 600 ಡಾಲರ್. ಬಿಗ್ ಬ್ಲೈಂಡ್ ಹತ್ತು ಸೆಂಟು ಇರುವಲ್ಲಿ ಪೂರ್ತಿ ಬೈ-ಇನ್ 10 ಡಾಲರ್, ಅಂದರೆ ನಿನ್ನ ಕೈಯಲ್ಲಿ 60 ಬೈ-ಇನ್ ಇದೆ. ಡಾಲರಿನ ಟೇಬಲ್ಲಿನಲ್ಲಿ ಅದೇ ಹಣ ಬರೀ ಆರು ಬೈ-ಇನ್. ಎರಡು ಏಸ್ ಹಿಡಿದು, ಎದುರಿನವನ ಹತ್ತಿರ ಎರಡು ಕಿಂಗ್ ಇರುವಾಗ, ಫ್ಲಾಪ್‌ಗೆ ಮುಂಚೆಯೇ ಎಲ್ಲ ಹಣ ಒಳಗೆ ಹಾಕಿದರೂ ನೂರಕ್ಕೆ 18 ಸಲ ನೀನು ಸೋಲುತ್ತೀಯ. ನಿನ್ನದೇನೂ ತಪ್ಪಿರುವುದಿಲ್ಲ, ಆದರೂ ಬೈ-ಇನ್ ಹೋಗಿರುತ್ತದೆ. ಒಂದೇ ಸಂಜೆ ಇಂಥ ಎರಡು ಮೂರು ಕೈ ಬರುವುದು ಅಪರೂಪವೇನಲ್ಲ.

ನೀನು ಎಂಜಿನಿಯರ್, ಈ ಲೆಕ್ಕವನ್ನು ನೀನೇ ಹಾಕಿ ನೋಡು. ಆರು ಜನ ಆಡುವ ನೋ-ಲಿಮಿಟ್ ಟೇಬಲ್ಲಿನಲ್ಲಿ ನೂರು ಕೈಗೆ ಸ್ಟ್ಯಾಂಡರ್ಡ್ ಡೀವಿಯೇಶನ್ ಸುಮಾರು 90 ಬಿಗ್ ಬ್ಲೈಂಡ್. ಸೈಟಿನ ಪಾಲಾದ ರೇಕ್ ಕಳೆದು ನೂರು ಕೈಗೆ 5 ಬಿಗ್ ಬ್ಲೈಂಡ್ ಗೆಲ್ಲುವವನು ನೀನು ಎಂದಿಟ್ಟುಕೊ. ಅದು ಗಟ್ಟಿ ಆಟಗಾರನ ಗಳಿಕೆ. ಅಂಥವನೂ ಹತ್ತು ಸಾವಿರ ಕೈ ಆಡಿ ಎದ್ದಾಗ ನಷ್ಟದಲ್ಲಿರುವ ಸಾಧ್ಯತೆ ನೂರಕ್ಕೆ 29ರಷ್ಟು. ಇನ್ನು ನಿನ್ನ 600 ಡಾಲರ್ ಒಂದಲ್ಲ ಒಂದು ದಿನ ಪೂರ್ತಿ ಕರಗಿಹೋಗುವ ಸಾಧ್ಯತೆ ಎಷ್ಟು? ಹತ್ತು ಸೆಂಟಿನ ಟೇಬಲ್ಲಿನಲ್ಲಿ ಸಾವಿರಕ್ಕೆ ಒಂದೂ ಇಲ್ಲ. ಡಾಲರಿನ ಟೇಬಲ್ಲಿನಲ್ಲಿ ಅದು ನೂರಕ್ಕೆ 48, ಅದೂ ಅಲ್ಲಿ ನೀನು ಇಲ್ಲಿಯಷ್ಟೇ ಚೆನ್ನಾಗಿ ಗೆದ್ದರೆ. ಅಷ್ಟು ಗೆಲ್ಲುವುದು ಕಷ್ಟ. ಅಲ್ಲಿ ಕೂತಿರುವ ರೆಗ್ಯುಲರ್‌ಗಳಲ್ಲಿ ಎಷ್ಟೋ ಜನಕ್ಕೆ ಇದೇ ಕಸುಬು. ನಿನ್ನ ಗಳಿಕೆ 5ರಿಂದ 2ಕ್ಕೆ ಇಳಿದರೆ ಆ 48 ಎನ್ನುವುದು 74 ಆಗುತ್ತದೆ. ನೀನು ಹೆದರಿಕೆ ಎಂದುಕೊಂಡದ್ದರ ಹಿಂದೆ ಇರುವುದು ಬಹುಮಟ್ಟಿಗೆ ಈ ಲೆಕ್ಕವೇ.

ಸಣ್ಣ ಟೇಬಲ್ಲಿಗೂ ಒಂದು ತೊಂದರೆ ಇದೆ, ಅದನ್ನು ಮುಚ್ಚಿಡಬಾರದು. ಪ್ರತಿ ಪಾಟಿನಿಂದ ಸೈಟು ರೇಕ್ ಎಂದು ಸುಮಾರು ನೂರಕ್ಕೆ ಐದರಷ್ಟು ಕತ್ತರಿಸಿಕೊಳ್ಳುತ್ತದೆ, ಅದಕ್ಕೊಂದು ಮಿತಿಯೂ ಇರುತ್ತದೆ. ದೊಡ್ಡ ಪಾಟುಗಳಲ್ಲಿ ಆ ಮಿತಿ ಬೇಗ ಮುಟ್ಟುವುದರಿಂದ ಹೊರೆ ಹಗುರ. ನಿನ್ನ ಟೇಬಲ್ಲಿನಲ್ಲಿ ಮಿತಿ ಮುಟ್ಟುವುದೇ ಅಪರೂಪ, ಹಾಗಾಗಿ ಪೂರ್ತಿ ಪಾಲು ಹೋಗುತ್ತದೆ. ಮೇಲಕ್ಕೆ ಹೋಗಲು ಇದೊಂದು ನ್ಯಾಯವಾದ ಕಾರಣ. ಆದರೆ ಆರು ಬೈ-ಇನ್ ಇಟ್ಟುಕೊಂಡು ಹೋಗಲು ಇದು ಸಾಲದು.

ಲೆಕ್ಕಕ್ಕಿಂತಲೂ ನನಗೆ ಮುಖ್ಯವಾದದ್ದು ಮನಸ್ಸಿನ ವಿಷಯ. ಹತ್ತು ಸೆಂಟಿನ ಟೇಬಲ್ಲಿನಲ್ಲಿ ರಿವರ್‌ನಲ್ಲಿ ಎದುರಿನವನು ಆರು ಡಾಲರ್ ಬೆಟ್ ಮಾಡಿದಾಗ ನೀನು ಅವನ ಆಟವನ್ನು ಓದುತ್ತೀಯ. ಫ್ಲಾಪ್‌ನಲ್ಲಿ ಏನು ಮಾಡಿದ್ದ, ಟರ್ನ್‌ನಲ್ಲಿ ಯಾಕೆ ಸುಮ್ಮನಿದ್ದ, ಫ್ಲಶ್ ಬರಲಿಲ್ಲವೆಂದು ಬ್ಲಫ್ ಮಾಡುತ್ತಿದ್ದಾನೋ ಎಂದೆಲ್ಲ ಯೋಚಿಸಿ ಕಾಲ್ ಮಾಡುತ್ತೀಯ, ಇಲ್ಲವೇ ಫೋಲ್ಡ್ ಮಾಡುತ್ತೀಯ. ಅದೇ ಬೆಟ್ ಅರವತ್ತು ಡಾಲರ್ ಆಗಲಿ, ಇಂಡಿಯನ್ ಸ್ಟೋರಿನ ವಾರದ ದಿನಸಿ ಕಣ್ಣಮುಂದೆ ಬರುತ್ತದೆ. ಕಾಲ್ ಮಾಡಬೇಕಾದ ಕಡೆ ಕೈ ಹಿಂದೆಗೆಯುತ್ತದೆ. ಬ್ಲಫ್ ಮಾಡಲು ಧೈರ್ಯ ಸಾಲುವುದಿಲ್ಲ. ಮೇಲೆ ಕೂತ ಅನುಭವಸ್ಥರಿಗೆ ಇದು ನಾಲ್ಕು ಕೈ ಆಡುವುದರೊಳಗೆ ತಿಳಿದುಬಿಡುತ್ತದೆ, ಆಮೇಲೆ ಅವರು ನಿನ್ನನ್ನು ಪ್ರತಿ ಪಾಟಿನಲ್ಲೂ ಒತ್ತುತ್ತಾರೆ. ಇನ್ನೂ ಕೆಟ್ಟದ್ದು ಸೋತ ಮೇಲೆ ಬರುವ ಟಿಲ್ಟ್. ಎರಡು ಬೈ-ಇನ್ ಹೋದವನು ಜಿದ್ದಿಗೆ ಬಿದ್ದು ರಾತ್ರಿ ಒಂದು ಗಂಟೆಗೆ ಇನ್ನೂ ದೊಡ್ಡ ಟೇಬಲ್ ತೆರೆಯುತ್ತಾನೆ. ತಿಂಗಳುಗಟ್ಟಲೆ ಗೆದ್ದ ಹಣ ಒಂದೇ ರಾತ್ರಿಯಲ್ಲಿ ಹೋಗುವುದು ಬಹುಪಾಲು ಹೀಗೆಯೇ. ನೀನು ಹಾಗೆ ಒಬ್ಬನೇ ಸ್ಕ್ರೀನಿನ ಮುಂದೆ ಕೂತಿರುವುದನ್ನು ನೆನೆದರೆ ನನ್ನ ಹೊಟ್ಟೆಯೊಳಗೆ ಸಂಕಟವಾಗುತ್ತದೆ ಕಣೋ.

2000ನೇ ಇಸವಿಯ ವಿಶ್ವ ಚಾಂಪಿಯನ್ ಕ್ರಿಸ್ ಫರ್ಗ್ಯುಸನ್ ಒಮ್ಮೆ ಫುಲ್ ಟಿಲ್ಟ್ ಸೈಟಿನಲ್ಲಿ ಸೊನ್ನೆಯಿಂದ ಶುರುಮಾಡಿ 10,000 ಡಾಲರ್ ಮುಟ್ಟಿದ. ಮೊದಮೊದಲು ಪುಕ್ಕಟೆ ಟೂರ್ನಮೆಂಟುಗಳನ್ನಾಡಿ, ಗೆದ್ದ ಚಿಲ್ಲರೆಯನ್ನೂ ಕಳೆದುಕೊಂಡು, ಮತ್ತೆ ಮತ್ತೆ ಸೊನ್ನೆಗೆ ಬಂದ. ಅವನ ನಿಯಮ ಸರಳವಾಗಿತ್ತು. ತೀರ ಸಣ್ಣ ಆಟಗಳನ್ನು ಬಿಟ್ಟರೆ, ಇರುವ ಹಣದಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚನ್ನು ಯಾವ ಟೇಬಲ್ಲಿಗೂ ಒಯ್ಯುವುದಿಲ್ಲ. ಟೇಬಲ್ಲಿನ ಮೇಲಿರುವುದು ಒಟ್ಟು ಹಣದ ಹತ್ತನೇ ಒಂದು ಪಾಲು ದಾಟಿದರೆ, ಬ್ಲೈಂಡ್ ತನ್ನ ಸರದಿಗೆ ಬರುವ ಮುಂಚೆ ಎದ್ದುಬಿಡುತ್ತಾನೆ. ವಿಶ್ವ ಚಾಂಪಿಯನ್ನನೇ ಸೆಂಟಿನ ಟೇಬಲ್ಲಿನಲ್ಲಿ ತಿಂಗಳುಗಟ್ಟಲೆ ಕೂತ ಮೇಲೆ ನಿನ್ನ ರೂಮ್‌ಮೇಟುಗಳ ಮಾತಿಗೆ ಎಷ್ಟು ಬೆಲೆ ಕೊಡಬೇಕು ಹೇಳು. ಅದೇ ಸೈಟಿನ ಬಾಗಿಲನ್ನು 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಇಲ್ಲಿನ ಆಟಗಾರರ ಪಾಲಿಗೆ ಹಾಕಿಸಿತು, ಆಟಗಾರರ ಹಣ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. ಆದ್ದರಿಂದ ನಿನ್ನ ಆಟಕ್ಕೆ ಬೇಕಾದಷ್ಟನ್ನು ಮಾತ್ರ ಖಾತೆಯಲ್ಲಿಡು, ಉಳಿದದ್ದು ಬ್ಯಾಂಕಿಗೆ ಬರಲಿ.

ಮೈಸೂರಿನಿಂದ ನಿನ್ನ ಕಸಿನ್ ಫೋನ್ ಮಾಡಿ ಸೈಟಿನ ಹೆಸರು ಕೇಳಿದರೆ ಹೇಳಬೇಡ. ಭಾರತದಲ್ಲಿ 2025ರ ಆಗಸ್ಟಿನಲ್ಲಿ ಬಂದ ಕಾಯ್ದೆ ಹಣವಿಟ್ಟು ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅದನ್ನು ತಪ್ಪಿಸಿ ಎಲ್ಲೋ ಕುಳಿತವರ ಆಪ್‌ಗೆ ದುಡ್ಡು ಹಾಕಿದರೆ, ತೊಂದರೆಯಾದಾಗ ಕೇಳುವವರು ಯಾರೂ ಇರುವುದಿಲ್ಲ.

ಈಗ ನಿನ್ನ ವಿಷಯ. ಸೈಟಿನ ಸೆಟ್ಟಿಂಗಿನಲ್ಲಿ ಡಿಪಾಸಿಟ್ ಮಿತಿ ಹಾಕುವ ಸೌಲಭ್ಯವಿದೆ, ಇವತ್ತೇ ಹಾಕು. ಗೆದ್ದು ಬೆಳೆಸಿದ ಹಣದಲ್ಲೇ ಆಡು, ಸಂಬಳಕ್ಕೆ ಕೈ ಹಾಕಬೇಡ. ಆಡದೆ ಇರಲಾರೆ ಅನ್ನಿಸತೊಡಗಿದರೆ ನನಗೆ ಹೇಳು, ನಾಚಿಕೆ ಬೇಡ. ಹೇಳಲು ಆಗದಿದ್ದರೆ 1-800-ಗ್ಯಾಂಬ್ಲರ್ ಸಹಾಯವಾಣಿ ಇದೆ. ಖಾತೆಯಲ್ಲಿ 750 ಡಾಲರ್ ಆದ ಮೇಲೆ ಹತ್ತು–ಇಪ್ಪತ್ತೈದು ಸೆಂಟಿನ ಟೇಬಲ್ಲಿಗೆ ಹೋಗಬಹುದು. ಅಲ್ಲಿ ನಿನಗೆ 30 ಬೈ-ಇನ್ ಇರುತ್ತದೆ. ಮೂರು ಬೈ-ಇನ್ ಹೋದರೆ ಹಟ ಮಾಡದೆ ಹತ್ತು ಸೆಂಟಿಗೆ ವಾಪಸ್ ಬಾ, ಹೋದದ್ದನ್ನು ಅಲ್ಲೇ ಗೆದ್ದು ಮತ್ತೆ ಪ್ರಯತ್ನಿಸು. ಡಾಲರಿನ ಟೇಬಲ್ಲಿನ ಮಾತನ್ನು 3,000 ಆದ ಮೇಲೆ ಇಬ್ಬರೂ ಕೂತು ಆಡೋಣ.